ವಾರಕ್ಕೆ ಒಂದು ಗಂಟೆ, ಆದರೆ ವರ್ಷವಿಡೀ

ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಕಲಿಯುವ ಪ್ರತಿ ನೂರು ಮಕ್ಕಳಲ್ಲಿ ಸುಮಾರು 28 ಮಂದಿ ಹಿಸ್ಪಾನಿಕ್ ಮಕ್ಕಳು. ಇವರ ಹಿರಿಯರು ಮೆಕ್ಸಿಕೊ, ಗ್ವಾಟೆಮಾಲ, ಎಲ್ ಸಾಲ್ವಡಾರ್ ಮುಂತಾದ ನಾಡುಗಳಿಂದ ಬಂದವರು. ಸ್ಪ್ಯಾನಿಷ್ ಭಾಷೆಯೇ ಇವರೆಲ್ಲರ ನಂಟು. ಮಕ್ಕಳಲ್ಲಿ ಬಹುಪಾಲು ಅಮೆರಿಕದಲ್ಲೇ ಹುಟ್ಟಿದವರು. ಆದರೂ 2022ರ ರಾಷ್ಟ್ರೀಯ ಪರೀಕ್ಷೆಯಲ್ಲಿ, ನಾಲ್ಕನೇ ತರಗತಿಯ ಓದಿನಲ್ಲಿ ಬಿಳಿಯ ಮಕ್ಕಳ ಸರಾಸರಿ ಅಂಕ 500ಕ್ಕೆ 227, ಇವರದು 205.

ಶಾಲೆಯ ಬಾಗಿಲು ಇವರಿಗೆ ತಾನಾಗಿ ತೆರೆಯಲಿಲ್ಲ. ಕ್ಯಾಲಿಫೋರ್ನಿಯದಲ್ಲಿ ಮೆಕ್ಸಿಕನ್ ಮಕ್ಕಳನ್ನು ಬೇರೆ ಶಾಲೆಗೆ ಅಟ್ಟುತ್ತಿದ್ದುದು ತಪ್ಪೆಂದು ಮೆಂಡೆಜ್ ಕುಟುಂಬ ಹೂಡಿದ ಮೊಕದ್ದಮೆಯಲ್ಲಿ 1947ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ವಲಸೆಯ ಕಾಗದಪತ್ರ ಇಲ್ಲದ ಮಗುವಿಗೂ ಉಚಿತ ಶಾಲೆಯನ್ನು ನಿರಾಕರಿಸುವಂತಿಲ್ಲ ಎಂದು 1982ರಲ್ಲಿ ಟೆಕ್ಸಾಸಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಳಗೆ ಬಂದ ಮಗು ಬೆಂಚಿನ ಮೇಲೆ ಕುಳಿತು ಪುಸ್ತಕ ಬಿಡಿಸಿದಾಗ ಏನಾಗುತ್ತದೆ? ಅದನ್ನು ಯಾವ ನ್ಯಾಯಾಲಯವೂ ತೀರ್ಮಾನಿಸಲಾರದು.

ಕನ್ನಡಿಗರಾದ ನಮಗೆ ಈ ಕಷ್ಟ ಬೇಗ ಅರ್ಥವಾಗಬೇಕು. ನಮ್ಮಂತೆ ಸ್ಪ್ಯಾನಿಷಿನಲ್ಲೂ ಬಹುಮಟ್ಟಿಗೆ ಬರೆದಂತೆ ಓದುತ್ತಾರೆ, ಇಂಗ್ಲಿಷಿನಲ್ಲಿ ಹಾಗಲ್ಲ. ಸ್ಪ್ಯಾನಿಷಿನ 'ಎಚ್' ಅಕ್ಷರಕ್ಕೆ ದನಿಯೇ ಇಲ್ಲ. 'ಹ'ಕಾರಕ್ಕೆ ಹತ್ತಿರದ ದನಿ ಹೊರಡುವುದು 'ಜೆ' ಅಕ್ಷರದಿಂದ. ಹಾಗಾಗಿ 'ಹ್ಯಾಟ್' ಎಂದು ಬರೆಯಲು ಮಗು 'ಜೆ'ಯಿಂದ ಆರಂಭಿಸಿದರೆ ಅದು ದಡ್ಡತನವಲ್ಲ, ತನಗೆ ತಿಳಿದುದನ್ನು ಬಳಸುವ ಜಾಣತನ. ಕೆಂಪು ಶಾಯಿಯಲ್ಲಿ ಗೀಟು ಹಾಕುವವರಿಗೆ ಇದು ಕಾಣುವುದಿಲ್ಲ.

ಇನ್ನೊಂದು ಮೋಸವೂ ಇದೆ. ಕೆನಡಾದ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು ತೋರಿಸಿದಂತೆ, ಆಟದ ಬಯಲಿನ ಇಂಗ್ಲಿಷ್ ಒಂದೆರಡು ವರ್ಷದಲ್ಲಿ ಬಂದುಬಿಡುತ್ತದೆ. ಪಾಠದ ಇಂಗ್ಲಿಷಿಗೆ ಐದರಿಂದ ಏಳು ವರ್ಷ ಬೇಕು. ಹುಡುಗ ಸರಾಗವಾಗಿ ಮಾತಾಡುತ್ತಾನೆ, ಆದರೆ ಓದುವುದಿಲ್ಲ. ಹಾಗಾದರೆ ಸೋಮಾರಿಯೇ ಇರಬೇಕು ಎಂದು ದೊಡ್ಡವರು ತೀರ್ಮಾನಿಸುತ್ತಾರೆ. ಕ್ರಮೇಣ ಅವನೂ ಅದನ್ನೇ ನಂಬುತ್ತಾನೆ. ಸಂತ ಅಗಸ್ಟೀನರು ತಮ್ಮ ಆತ್ಮಕಥನದಲ್ಲಿ, ಲ್ಯಾಟಿನ್ ಭಾಷೆಯನ್ನು ದಾದಿಯರ ಮುದ್ದಿನ ನಡುವೆ ಕಲಿತೆನೆಂದೂ, ಬೆದರಿಕೆಯಲ್ಲಿ ಕಲಿಸಿದ ಗ್ರೀಕ್ ತಮಗೆ ಕಹಿಯಾಯಿತೆಂದೂ ನೆನೆಯುತ್ತಾರೆ. ಸೆಮಿನರಿಯಲ್ಲಿ ಓದುವಾಗ ನಾನು ಆ ಪುಟವನ್ನು ಬೇಗ ದಾಟಿಬಿಟ್ಟಿದ್ದೆ.

ಭಯವಿಲ್ಲದೆ ಓದಲು ಪಕ್ಕದಲ್ಲಿ ಕೂರುವ ಒಬ್ಬ ಹಿರಿಯರು ಬೇಕು. 1999ರಲ್ಲಿ ಕ್ಯಾಲಿಫೋರ್ನಿಯದ ಮೆನ್ಲೊ ಪಾರ್ಕಿನ ಒಂದು ಶಾಲೆಯಲ್ಲಿ ಹೀಗೆ ಆರಂಭವಾದ ಕೆಲಸವೇ ಇಂದಿನ 'ರೀಡಿಂಗ್ ಪಾರ್ಟ್‌ನರ್ಸ್' ಸಂಸ್ಥೆ. ಅಲ್ಲಿ ಸ್ವಯಂಸೇವಕರು ವಾರಕ್ಕೆ ಎರಡು ಬಾರಿ, 45 ನಿಮಿಷ, ಒಬ್ಬ ವಿದ್ಯಾರ್ಥಿಯೊಡನೆ ಓದುತ್ತಾರೆ. ಈ ಮಕ್ಕಳನ್ನು ಇತರರೊಡನೆ ಹೋಲಿಸಿ ನಡೆಸಿದ ಅಧ್ಯಯನದಲ್ಲಿ, ಒಂದು ಶಾಲಾವರ್ಷದಲ್ಲಿ ಓದಿನಲ್ಲಿ ಒಂದೂವರೆಯಿಂದ ಎರಡು ತಿಂಗಳಷ್ಟು ಹೆಚ್ಚಿನ ಪ್ರಗತಿ ಕಂಡಿತು. ಪವಾಡವೇನಲ್ಲ, ಆದರೆ ನಿಜವಾದ ಲಾಭ.

ಆದರೆ ಕೈಹಾಕುವ ಮುನ್ನ ಒಂದು ಮಾತು. 'ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್' ಸಂಸ್ಥೆಯ ಮಾರ್ಗದರ್ಶಕರು ಮತ್ತು ತುಸು ದೊಡ್ಡ ಮಕ್ಕಳ ಬಗ್ಗೆ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷಕ್ಕಿಂತ ಹೆಚ್ಚು ಉಳಿದ ಸಂಬಂಧಗಳು ಅತಿ ಹೆಚ್ಚು ಫಲ ಕೊಟ್ಟವು. ಮೂರು ತಿಂಗಳೊಳಗೆ ಮುರಿದುಬಿದ್ದಲ್ಲಿ ಮಕ್ಕಳ ಆತ್ಮಗೌರವ ಮೊದಲಿಗಿಂತಲೂ ಕುಗ್ಗಿತ್ತು. ಅಂದರೆ ನಮ್ಮ ಒಳ್ಳೆಯ ಮನಸ್ಸೂ ಗಾಯ ಮಾಡಬಲ್ಲದು. ಕ್ರಿಸ್‌ಮಸ್ ಕಾಲದ ಉತ್ಸಾಹ ಫೆಬ್ರವರಿಗೆ ಆರುವುದಾದರೆ ಬೇರೊಂದು ಸೇವೆಯನ್ನು ಆರಿಸಿಕೊಳ್ಳುವುದೇ ಲೇಸು.

ಸ್ಯಾನ್ ಹೊಸೆಯಲ್ಲೋ ಹ್ಯೂಸ್ಟನ್‌ನಲ್ಲೋ ಇರುವ ನಮ್ಮವರು ಈ ಸೇವೆಗೆ ಇಳಿಯುವುದಾದರೆ, ಬೆರಳಚ್ಚು, ಪೂರ್ವಾಪರ ತಪಾಸಣೆ ಎಂದಾಗ ಮುನಿಸಿಕೊಳ್ಳಬಾರದು. ಅದು ಮಕ್ಕಳ ರಕ್ಷಣೆಗಾಗಿ. ಮಗುವಿನ ಹೆಸರನ್ನು ಅದರ ತಾಯಿ ಕರೆಯುವಂತೆ ಕರೆಯಲು ಕಲಿಯಿರಿ. ಮನೆಯಲ್ಲಿ ಸ್ಪ್ಯಾನಿಷ್ ಬಿಡಿ ಎಂದು ತಂದೆತಾಯಿಗೆ ಹೇಳಬೇಡಿ. ಆ ಭಾಷೆಯಲ್ಲಿ ಕೇಳಿದ ಕಥೆಯೂ ಓದಿಗೆ ಆಧಾರವೇ. ತಾಯಿಯೊಡನೆ ಮಾತಾಡಬೇಕಾದಾಗ ಆ ಮಗುವನ್ನೇ ದುಭಾಷಿ ಮಾಡಬೇಡಿ, ಶಾಲೆಯವರನ್ನು ಕೇಳಿ. ಬರಲಾಗದ ದಿನ ಮುಂಚಿತವಾಗಿ ತಿಳಿಸಿ. ಊರು ಬಿಟ್ಟು ಹೋಗುವ ಪ್ರಸಂಗ ಬಂದರೆ ನಾಲ್ಕಾರು ವಾರ ಮೊದಲೇ ಮಗುವಿಗೆ ಹೇಳಿ, ನೀವು ಹೋಗುತ್ತಿರುವುದು ಅದರ ತಪ್ಪಿನಿಂದಲ್ಲ ಎಂಬುದನ್ನೂ ಬಾಯಿಬಿಟ್ಟು ಹೇಳಿ.