ಹಾಲಿನ ನಿಯಮ, ಮೊಸರಿನ ನಿಯಮ: ವ್ರತದಲ್ಲಿ ಕಾರ್ಯಕಾರಣ ವಿಚಾರ

ಕಾರಣವಿಲ್ಲದೆ ಕಾರ್ಯವಿಲ್ಲವೆಂಬುದನ್ನು ಆಬಾಲವೃದ್ಧರೆಲ್ಲರೂ ಒಪ್ಪುತ್ತಾರೆ. ಬೀಜವಿಲ್ಲದೆ ಮೊಳಕೆಯಿಲ್ಲ, ಹೆಪ್ಪಿಲ್ಲದೆ ಮೊಸರಿಲ್ಲ. ಆದರೆ ಕಾರಣವು ಕಾರ್ಯವನ್ನು ಹೇಗೆ ಉಂಟುಮಾಡುತ್ತದೆ, ಅನೇಕ ಕಾರಣಗಳು ಕೂಡಿದಲ್ಲಿ ಯಾವುದು ಮುಖ್ಯ, ಯಾವುದು ಸಹಾಯಕ ಎಂದು ಕೇಳಿದಾಗ ಬಲ್ಲವರೂ ತಡವರಿಸುವುದುಂಟು. ಈ ಪ್ರಶ್ನೆಯು ತರ್ಕಶಾಸ್ತ್ರದ ಪಾಠಶಾಲೆಗೆ ಮಾತ್ರ ಸೇರಿದ್ದಲ್ಲ. ನೋಂಪಿ ಹಿಡಿಯುವ ಪ್ರತಿಯೊಂದು ಶ್ರಾವಕಗೃಹಕ್ಕೂ ಸೇರಿದ್ದು.

ಒಂದು ಮನೆಯ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಭಾದ್ರಪದ ಶುದ್ಧ ಪಂಚಮಿಗೆ ದಶಲಕ್ಷಣ ಪರ್ವ ಆರಂಭವಾಗುತ್ತದೆ. ಆ ಮನೆಯ ವೃದ್ಧ ತಾಯಿ ವರುಷ ವರುಷವೂ ಪರ್ವದಲ್ಲಿ ಉಪವಾಸ ಮಾಡಿದವರು. ಈಗ ಸಕ್ಕರೆ ಕಾಯಿಲೆಗೆ ಔಷಧ ನಡೆದಿರುವುದರಿಂದ ವೈದ್ಯರು ಉಪವಾಸ ಕೂಡದೆಂದಿದ್ದಾರೆ. ತಾಯಿಯ ದುಃಖವನ್ನು ಕಂಡ ಮಗನು, “ಅಮ್ಮಾ, ನಾನು ಉಪವಾಸ ಮಾಡುತ್ತೇನೆ. ಅದರ ಫಲದಲ್ಲಿ ನಿಮಗೂ ಪಾಲಿದೆಯೆಂದು ತಿಳಿಯಿರಿ” ಎನ್ನುತ್ತಾನೆ. ತಾಯಿ ಕೇಳುತ್ತಾರೆ: “ನೀನು ಉಂಡರೆ ನನ್ನ ಹಸಿವು ಹೋಗುವುದೇನಪ್ಪ? ಹಾಗಾದ ಮೇಲೆ ನೀನು ಹಸಿದರೆ ನನ್ನ ಕರ್ಮ ಹೇಗೆ ಸವೆದೀತು?”

ತಾಯಿಯ ಈ ಮಾತಿನಲ್ಲಿ ಎರಡು ಪ್ರಶ್ನೆಗಳಿವೆ. ಮಾಡಿದವನೇ ಉಣ್ಣುವನೆಂಬುದಕ್ಕೆ ಆಧಾರವೇನು? ನಿರ್ಜರೆಗೆ ಕಾರಣವು ಹಸಿವೇ, ಬೇರೊಂದೇ?

ಗೋರಸದ ದೃಷ್ಟಾಂತ

ಸಮಂತಭದ್ರಾಚಾರ್ಯರ ಆಪ್ತಮೀಮಾಂಸೆಗೆ ದೇವಾಗಮ ಸ್ತೋತ್ರವೆಂಬ ಹೆಸರೂ ಉಂಟು. 114 ಕಾರಿಕೆಗಳ ಈ ಕೃತಿಗೆ ಅಕಲಂಕದೇವರು ಅಷ್ಟಶತಿಯನ್ನೂ, ವಿದ್ಯಾನಂದಿ ಆಚಾರ್ಯರು ಅಷ್ಟಸಹಸ್ರಿಯನ್ನೂ ರಚಿಸಿದರು. ವಸ್ತುಸ್ವರೂಪದಂತಹ ಗಹನ ವಿಷಯವನ್ನು ತಿಳಿಸಲು ಆಚಾರ್ಯರು ಇದರಲ್ಲಿ ವ್ರತಿಗಳ ಊಟದ ನಿಯಮವನ್ನೇ ದೃಷ್ಟಾಂತವಾಗಿ ಕೊಟ್ಟಿದ್ದಾರೆ. ಹಾಲನ್ನು ಮಾತ್ರ ಸೇವಿಸುವ ನಿಯಮವುಳ್ಳವನು ಮೊಸರನ್ನು ಮುಟ್ಟುವುದಿಲ್ಲ. ಮೊಸರನ್ನು ಮಾತ್ರ ಸೇವಿಸುವವನು ಹಾಲನ್ನು ಕುಡಿಯುವುದಿಲ್ಲ. ಗೋರಸವನ್ನೇ ತ್ಯಜಿಸಿದವನು ಎರಡನ್ನೂ ಬಿಡುತ್ತಾನೆ.

ಹಾಲು ಮೊಸರಾಗುವಾಗ ಹಾಲೆಂಬ ಪರ್ಯಾಯವು ನಾಶವಾಗುತ್ತದೆ; ಮೊಸರೆಂಬ ಪರ್ಯಾಯವು ಹುಟ್ಟುತ್ತದೆ; ಗೋರಸವು ಎರಡರಲ್ಲಿಯೂ ಉಳಿದಿರುತ್ತದೆ. ವ್ಯಯ, ಉತ್ಪಾದ, ಧ್ರೌವ್ಯಗಳೆಂದರೆ ಇವೇ. ಹಾಲು ಮೊಸರುಗಳು ಸರ್ವಥಾ ಒಂದೇ ಆಗಿದ್ದರೆ ಮೊದಲಿನ ವ್ರತಿಯು ಮೊಸರನ್ನು ಉಂಡರೂ ನಿಯಮಭಂಗವಾಗುತ್ತಿರಲಿಲ್ಲ. ಸರ್ವಥಾ ಬೇರೆಯಾಗಿದ್ದರೆ ಮೂರನೆಯವನು ಒಂದೇ ನಿಯಮದಿಂದ ಎರಡನ್ನೂ ಬಿಡುವುದು ಸಾಧ್ಯವಾಗುತ್ತಿರಲಿಲ್ಲ.

ಕಾರ್ಯವು ಕಾರಣದಲ್ಲಿ ಮೊದಲೇ ಇದೆಯೆಂದು ಸಾಂಖ್ಯರು ಹೇಳುತ್ತಾರೆ. ಸಂಪೂರ್ಣವಾಗಿ ಇದ್ದ ಪಕ್ಷದಲ್ಲಿ ಹೆಪ್ಪು ಹಾಕುವ ಅಗತ್ಯವೇನು? ಕಾರ್ಯವು ಮೊದಲು ಇಲ್ಲದ ಹೊಸ ವಸ್ತುವೆಂದು ವೈಶೇಷಿಕರು ಹೇಳುತ್ತಾರೆ. ಹಾಗಾದರೆ ನೀರಿಗೆ ಹೆಪ್ಪು ಹಾಕಿದಾಗ ಮೊಸರೇಕಾಗದು? ದ್ರವ್ಯದೃಷ್ಟಿಯಿಂದ ಕಾರ್ಯವು ಶಕ್ತಿರೂಪದಲ್ಲಿ ಇದೆ, ಪರ್ಯಾಯದೃಷ್ಟಿಯಿಂದ ಹೊಸತಾಗಿ ಹುಟ್ಟುತ್ತದೆ ಎಂಬುದೇ ಸ್ಯಾದ್ವಾದಿಗಳ ನಿರ್ಣಯ.

ಮಾಡಿದವನು ಮತ್ತು ಉಣ್ಣುವವನು

ಈ ನ್ಯಾಯವನ್ನು ಆತ್ಮನಿಗೆ ಅನ್ವಯಿಸಬೇಕು. ಪ್ರಾತಃಕಾಲದಲ್ಲಿ ಬಸದಿಯಲ್ಲಿ ಪ್ರತ್ಯಾಖ್ಯಾನ ಮಾಡಿದವನೊಬ್ಬ, ಸಂಜೆ ಹಸಿವಿನಿಂದ ಬಳಲಿದವನೊಬ್ಬ. ಕ್ಷಣಿಕವಾದಿಗಳು ಹೇಳುವಂತೆ ಇವರಿಬ್ಬರೂ ಬೇರೆಯಾದರೆ ಸಂಕಲ್ಪ ಒಬ್ಬನದು, ಹಸಿವು ಮತ್ತೊಬ್ಬನದು, ಫಲ ಇನ್ನಾರದೋ ಆಗುತ್ತದೆ. ಮಾಡಿದ್ದು ವ್ಯರ್ಥವಾಗಿ, ಮಾಡದಿದ್ದುದು ಬಂದು ತಗುಲುತ್ತದೆ. ಆತ್ಮನು ಎಂದಿಗೂ ಮಾರ್ಪಡದ ಕೂಟಸ್ಥನೆಂದರೆ ಉಪವಾಸದಿಂದ ಅವನಲ್ಲಿ ಏನೂ ಆಗಲಾರದು. ಆತ್ಮದ್ರವ್ಯವು ಉಳಿದು ಅದರ ಪರಿಣಾಮವು ಬದಲಾಗುವುದರಿಂದಲೇ ವ್ರತಕ್ಕೆ ಅರ್ಥವುಂಟು. ಈ ಕಾರಣದಿಂದಲೇ ಮಗನ ನಿರ್ಜರೆಯನ್ನು ತಾಯಿಗೆ ಹಂಚಲಾಗದು. ಮಗನ ಸಾಂತ್ವನದಲ್ಲಿ ಪ್ರೀತಿಯಿದೆ, ಸಿದ್ಧಾಂತವಿಲ್ಲ.

ಉಪಾದಾನ ಮತ್ತು ನಿಮಿತ್ತ

ಗಡಿಗೆಗೆ ಮಣ್ಣು ಉಪಾದಾನ ಕಾರಣ. ಕುಂಬಾರ, ಚಕ್ರ, ಕೋಲು ನಿಮಿತ್ತ ಕಾರಣಗಳು. ಗಡಿಗೆಯಾಗುವುದು ಮಣ್ಣೇ ಹೊರತು ಚಕ್ರವಲ್ಲ. ಹಾಗೆಯೇ ಆತ್ಮಶುದ್ಧಿಗೆ ಉಪಾದಾನವು ವ್ರತಿಯ ಆತ್ಮವೇ. ಪರ್ವತಿಥಿ, ಗುರುಸನ್ನಿಧಿ, ಆಹಾರತ್ಯಾಗಗಳು ನಿಮಿತ್ತಗಳು.

ತನಗೆ ದುಃಖವನ್ನು ಕೊಟ್ಟುಕೊಳ್ಳುವುದರಿಂದಲೇ ಪುಣ್ಯವಾಗುವುದೆಂಬ ಮತವನ್ನು ಆಪ್ತಮೀಮಾಂಸೆಯು ನಿರಾಕರಿಸಿದೆ. ಸುಖದುಃಖಗಳು ಕೇವಲ ಅವುಗಳಷ್ಟಕ್ಕೇ ಪುಣ್ಯಪಾಪಗಳಿಗೆ ಕಾರಣವಲ್ಲ. ಅವು ಪರಿಣಾಮಗಳ ವಿಶುದ್ಧಿಗೆ ಅಂಗವಾದರೆ ಪುಣ್ಯಾಸ್ರವ, ಸಂಕ್ಲೇಶಕ್ಕೆ ಅಂಗವಾದರೆ ಪಾಪಾಸ್ರವ ಎಂಬುದು ಅಲ್ಲಿಯ ತೀರ್ಮಾನ. ಬರಗಾಲದಲ್ಲಿ ಅನ್ನ ದೊರೆಯದೆ ಪರವಶನಾಗಿ ಹಸಿವನ್ನು ಸಹಿಸಿದವನದು ಅಕಾಮನಿರ್ಜರೆಯೆನಿಸುತ್ತದೆ, ತಪಸ್ಸೆನಿಸುವುದಿಲ್ಲ. ತತ್ತ್ವಾರ್ಥಸೂತ್ರವು ಏಳನೆಯ ಅಧ್ಯಾಯದಲ್ಲಿ ವ್ರತಿಗೆ ಶಲ್ಯರಾಹಿತ್ಯವನ್ನು ವಿಧಿಸಿದೆ. ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ಮೂರು ಮುಳ್ಳುಗಳನ್ನು ಒಳಗಿಟ್ಟುಕೊಂಡು, ಹೊತ್ತು ಮುಳುಗುವವರೆಗೆ ಮನೆಮಂದಿಯ ಮೇಲೆ ಸಿಡುಕುತ್ತ ಕಳೆದ ಉಪವಾಸದಲ್ಲಿ ಹೊಟ್ಟೆ ಬರಿದಾಗಬಹುದು, ಕಷಾಯ ಬರಿದಾಗದು.

ಇದರಿಂದ “ಭಾವವೇ ಸಾಕು, ಉಪವಾಸವೇಕೆ?” ಎಂದು ದೇಹಬಲವುಳ್ಳವರು ಹೇಳುವಂತಿಲ್ಲ. ಕುಂಬಾರನೂ ಚಕ್ರವೂ ಇಲ್ಲದೆ ಮಣ್ಣು ತಾನಾಗಿ ಗಡಿಗೆಯಾದುದನ್ನು ಯಾರೂ ಕಂಡಿಲ್ಲ. ನಿಮಿತ್ತವೇ ಎಲ್ಲವನ್ನೂ ಮಾಡುತ್ತದೆಂಬುದು ಒಂದು ಏಕಾಂತ. ನಿಮಿತ್ತವೇ ಬೇಡವೆಂಬುದು ಇನ್ನೊಂದು ಏಕಾಂತ.

ತಾಯಿಗೆ ಉತ್ತರ

ಕಾಯಿಲೆಯು ಅಸಾತಾ ವೇದನೀಯ ಕರ್ಮದ ಉದಯ. ಅದು ಉಪವಾಸವೆಂಬ ಒಂದು ನಿಮಿತ್ತವನ್ನು ತಪ್ಪಿಸಿದೆ, ಉಪಾದಾನವನ್ನು ಕಸಿದುಕೊಂಡಿಲ್ಲ. ಬಾಹ್ಯತಪಸ್ಸು ಆರು ವಿಧ, ಆಭ್ಯಂತರತಪಸ್ಸು ಆರು ವಿಧ. ಈ ಹನ್ನೆರಡರಲ್ಲಿ ಅನಶನವು ಒಂದು ಮಾತ್ರ. ವೈದ್ಯರು ಹೇಳಿದ ಹೊತ್ತಿಗೆ ಔಷಧವನ್ನೂ ಆಹಾರವನ್ನೂ ಸೇವಿಸುತ್ತಲೇ ಸ್ವಾಧ್ಯಾಯ, ವಿನಯ, ಧ್ಯಾನಗಳನ್ನು ಆ ತಾಯಿ ಸಾಧಿಸಬಹುದು. ವೈದ್ಯರು ಬೇಡವೆಂದ ಸಿಹಿಯನ್ನು ನಿಟ್ಟುಸಿರಿಡುತ್ತ ಬಿಟ್ಟರೆ ಅದು ಪಥ್ಯ ಮಾತ್ರ. ಅದನ್ನೇ ಆಸೆಯನ್ನು ಗೆದ್ದು, ನಿಯಮವಾಗಿ ಸ್ವೀಕರಿಸಿ ಬಿಟ್ಟರೆ ರಸಪರಿತ್ಯಾಗ. ನಿಮಿತ್ತವು ವೈದ್ಯರ ಮಾತೇ ಆಗಿರಲಿ, ಫಲವು ಪರಿಣಾಮವನ್ನು ಅನುಸರಿಸುತ್ತದೆ.

ಮಗನ ಮಾತಿನಲ್ಲಿಯೂ ಒಂದು ಸತ್ಯಾಂಶವನ್ನು ಕಾಣಬಹುದು. ಕೃತ, ಕಾರಿತ, ಅನುಮೋದನೆ ಎಂದು ಕರ್ಮಾಸ್ರವಕ್ಕೆ ಮೂರು ದ್ವಾರಗಳನ್ನು ಶಾಸ್ತ್ರವು ಹೇಳಿದೆ. ಮಗನ ವ್ರತವನ್ನು ಕಂಡು ತಾಯಿಯು ನಿರ್ಮಲ ಮನಸ್ಸಿನಿಂದ ಅನುಮೋದಿಸಿದರೆ ಆ ಅನುಮೋದನೆ ಅವರದೇ ಪರಿಣಾಮ, ಅದರ ಫಲವೂ ಅವರದೇ. ಮಗನು ಕೊಟ್ಟ ಪಾಲಲ್ಲ, ಅವರೇ ಗಳಿಸಿದ್ದು.

ಪಾರಣೆಯ ದಿನ ಎಷ್ಟು ಉಪವಾಸಗಳಾದವೆಂದು ಎಣಿಸುವ ಮೊದಲು ಎಷ್ಟು ಕ್ರೋಧ ಕಡಮೆಯಾಯಿತು, ಎಷ್ಟು ಲೋಭ ಸಡಿಲಾಯಿತು ಎಂದು ಶ್ರಾವಕ ಶ್ರಾವಿಕೆಯರು ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ಹಾಲು ಮೊಸರಾಯಿತೇ ಎಂಬುದನ್ನು ಹೆಪ್ಪಿನ ಅಳತೆಯಿಂದಲ್ಲ, ಪಾತ್ರೆಯೊಳಗೆ ನೋಡಿಯೇ ತಿಳಿಯಬೇಕು.

ಮನನಕ್ಕೆ ಪ್ರಶ್ನೆಗಳು

1. ಗೋರಸದ ದೃಷ್ಟಾಂತದಲ್ಲಿ ಉತ್ಪಾದ, ವ್ಯಯ, ಧ್ರೌವ್ಯಗಳು ಯಾವುವು?
2. ಪಥ್ಯಕ್ಕೂ ರಸಪರಿತ್ಯಾಗಕ್ಕೂ ಭೇದವೇನು?
3. ಒಬ್ಬರ ನಿರ್ಜರೆಯು ಇನ್ನೊಬ್ಬರಿಗೆ ಸಲ್ಲದಿದ್ದರೂ ಅನುಮೋದನೆಗೆ ಫಲವಿರುವುದು ಹೇಗೆ?