ಛೇದದಲ್ಲಿ ಕೂತ ಊರು

ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಕಾಲಕ್ಕೆ ಹಳ್ಳಿ ಸುತ್ತಿದ ವೈದ್ಯರಿಗೆಲ್ಲ ಈ ಪ್ರಶ್ನೆ ಗೊತ್ತು: “ಇಂಜೆಕ್ಷನ್ ತಗಂಡೋರಿಗೂ ಬಂತಲ್ಲ ಡಾಕ್ಟ್ರೇ, ಮತ್ತೆ ನಾವ್ಯಾಕೆ ಚುಚ್ಚಿಸ್ಕಬೇಕು?” ಸಾಗರದ ಕಡೆಯ ಒಂದು ಊರಲ್ಲಿ ಹಿರಿಯರೊಬ್ಬರು ಹೀಗೆ ಕೇಳಿದಾಗ, ಅವರ ಮೊಮ್ಮಗಳ ಸ್ಲೇಟು ಇಸಕೊಂಡು ಲೆಕ್ಕ ಬರೆದೆ. ಸಾವಿರ ಜನರ ಊರು ಅಂತಿಟ್ಟುಕೊಳ್ಳಿ. 800 ಮಂದಿ ಲಸಿಕೆ ಹಾಕಿಸಿಕೊಂಡಿದ್ದಾರೆ, 200 ಮಂದಿ ಇಲ್ಲ. ಹಾಕಿಸಿಕೊಂಡವರಲ್ಲಿ 8 ಜನಕ್ಕೆ ಕಾಯಿಲೆ, ಉಳಿದವರಲ್ಲಿ 6 ಜನಕ್ಕೆ. ಎಂಟೇ ದೊಡ್ಡದು. ಆದರೆ ನೂರಕ್ಕೆಷ್ಟು ಅಂತ ನೋಡಿದರೆ ಅಲ್ಲಿ 1, ಇಲ್ಲಿ 3.

“ಹಂಗಾದ್ರೆ ಪೂರ್ತಿ ತಡೆಯಲ್ಲ, ಕಮ್ಮಿ ಮಾಡುತ್ತೆ ಅನ್ನಿ.” ಅಷ್ಟೇ. ನಾನು ಅದಕ್ಕೆ ಏನೂ ಸೇರಿಸಬೇಕಾಗಲಿಲ್ಲ.

2005ರಿಂದ 2010ರವರೆಗಿನ ಕರ್ನಾಟಕದ ಅಂಕಿಗಳ ಅಧ್ಯಯನ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಎರಡು ಡೋಸಿಗೆ ಶೇ. 62ರಷ್ಟು ರಕ್ಷಣೆ, ಬೂಸ್ಟರ್ ಸೇರಿದರೆ ಶೇ. 83ರ ಹತ್ತಿರ, ಒಂದೇ ಡೋಸಿನಿಂದ ಪ್ರಯೋಜನ ಕಾಣಲಿಲ್ಲ. ಈ ಕೊನೆಯ ಮಾತು ನಮ್ಮ ಕೆಲಸದ ದಾರಿಯನ್ನೇ ತಿರುಗಿಸಬೇಕಾದದ್ದು. ಚುಚ್ಚಿದ ಜಾಗ ನೋಯುತ್ತಿತ್ತು, ಎರಡನೆಯದಕ್ಕೆ ಬಾರದವರು ಬಹಳ. ಹೊಸ ಹೆಸರು ಬರೆದು ವರದಿ ಹಿಗ್ಗಿಸುವುದಕ್ಕಿಂತ ಮೊದಲ ಡೋಸಿಗೇ ನಿಂತವರ ಮನೆ ಬಾಗಿಲಿಗೆ ಮತ್ತೆ ಹೋಗುವುದು ಮುಖ್ಯವಾಗಿತ್ತು. ಆ ಲಸಿಕೆ ಈಗ ನಿಂತಿದೆ. ಹೊಸದು ಬಂದಾಗಲೂ ಈ ಲೆಕ್ಕ ಮಾಡಲೇಬೇಕು.

ಇನ್ನೊಂದು, ದಿನಾಂಕ. ಲ್ಯಾಬಿನಿಂದ ಪಾಸಿಟಿವ್ ಬಂದ ದಿನ ಹಿಡಿದು ಗ್ರಾಫ್ ಬರೆದರೆ ಅದು ಟಪಾಲಿನ ಗ್ರಾಫ್ ಆಗುತ್ತದೆ, ಕಾಯಿಲೆಯದ್ದಲ್ಲ. ಜ್ವರ ಶುರುವಾದ ದಿನ ಬೇಕು. ಅಲ್ಲಿಂದ ಮೂರರಿಂದ ಎಂಟು ದಿನ ಹಿಂದಕ್ಕೆ ಎಣಿಸಿ, ಆಗ ಎಲ್ಲಿಗೆ ಹೋಗಿದ್ದಿರಿ ಅಂತ ಕೇಳಬೇಕು. ತರಗೆಲೆ ಗುಡಿಸಲು, ಸೌದೆಗೆ, ದನ ಹುಡುಕಲು. ಉಣುಗು ಕಚ್ಚಿದ ಕಾಡಿನ ತುಂಡು ಆಗ ನಕ್ಷೆಯ ಮೇಲೆ ಮೂಡುತ್ತದೆ. ಉಣುಗು ದೂರವಿಡುವ ಎಣ್ಣೆ ಮೊದಲು ಯಾವ ಕೇರಿಗೆ ಹೋಗಬೇಕೆಂದು ಗೊತ್ತಾಗುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಈ ಕಾಯಿಲೆಯ ಸುಳಿವು ಕೊಟ್ಟದ್ದು ಸತ್ತ ಮಂಗಗಳು. ಇವತ್ತಿಗೂ ಸತ್ತ ಮಂಗವೊಂದರ ಸುದ್ದಿ ಹೇಳುವ ರೈತ ನಮ್ಮ ಎಷ್ಟೋ ಕೋಷ್ಟಕಗಳಿಗಿಂತ ಮುಂದಿರುತ್ತಾನೆ.

ನನ್ನನ್ನು ಹೆಚ್ಚು ಕಾಡುವುದು ಸೊನ್ನೆ. ಚುರುಕಾದ ಆಶಾ ಕಾರ್ಯಕರ್ತೆ ಇರುವ ಊರಲ್ಲಿ ಕೇಸು ಜಾಸ್ತಿ, ಯಾರೂ ಕಾಲಿಡದ ಊರಲ್ಲಿ ಸೊನ್ನೆ. ಸಭೆಯಲ್ಲಿ ಮೊದಲನೆಯದಕ್ಕೆ ಬೈಗುಳ, ಎರಡನೆಯದಕ್ಕೆ ಶಹಬ್ಬಾಸ್. ಇದು ಅನ್ಯಾಯ, ಅಪಾಯ ಕೂಡ. ಹಾಗಾಗಿ ಕೇಸುಗಳ ಪಕ್ಕದಲ್ಲಿ ಎಷ್ಟು ಮಂದಿಗೆ ಜ್ವರ, ಎಷ್ಟು ಮಂದಿಯ ರಕ್ತ ಪರೀಕ್ಷೆಗೆ ಹೋಗಿದೆ ಎಂಬ ಎರಡು ಕಾಲಂ ಇಲ್ಲದ ಪಟ್ಟಿಯನ್ನು ನಾನು ವಾಪಸ್ ಕಳಿಸುತ್ತೇನೆ. ಮಾದರಿಯೇ ಹೋಗದ ಊರಿನ ಎದುರು ಸೊನ್ನೆ ಬರೆಯಬೇಡಿ, ಖಾಲಿ ಬಿಡಿ ಎನ್ನುತ್ತೇನೆ. ಮರುದಿನ ಜೀಪು ಮೊದಲು ಹೋಗುವುದು ಪಟ್ಟಿಯಲ್ಲಿ ಹಾಗೆ ಖಾಲಿ ಬಿಟ್ಟ ಊರುಗಳಿಗೆ.