ನೂರಕ್ಕೆ ನೂರು ಮುಚ್ಚಿದ ಹೃದಯದ ರಕ್ತನಾಳ: ರೋಗಿಗಳು ತಿಳಿದಿರಬೇಕಾದ ವಿಷಯ

ಆಂಜಿಯೋಗ್ರಾಂ ನೋಡಿ ವೈದ್ಯರು "ಒಂದು ರಕ್ತನಾಳ ಪೂರ್ತಿ ಮುಚ್ಚಿದೆ" ಎಂದಾಗ ಮನೆಯವರು ಗಾಬರಿಯಾಗುವುದು ಸಹಜ. ಪೂರ್ತಿ ಮುಚ್ಚಿದ್ದರೂ ರೋಗಿ ಓಡಾಡಿಕೊಂಡಿರುವುದು ಹೇಗೆ?

ರಕ್ತನಾಳ ಹಠಾತ್ತಾಗಿ ಮುಚ್ಚಿದರೆ ಹೃದಯಾಘಾತವಾಗುತ್ತದೆ. ಆಗ ಒಂದು ನಿಮಿಷವೂ ತಡ ಮಾಡಬಾರದು. ಆದರೆ ಕೆಲವರಲ್ಲಿ ನಾಳ ನಿಧಾನವಾಗಿ ಕಿರಿದಾಗುತ್ತಾ ಕೊನೆಗೆ ಮುಚ್ಚಿಹೋಗುತ್ತದೆ. ಅಷ್ಟರಲ್ಲಿ ಪಕ್ಕದ ನಾಳಗಳಿಂದ ಸಣ್ಣ ಕವಲುಗಳು ಬೆಳೆದು ಆ ಭಾಗಕ್ಕೆ ರಕ್ತ ಒದಗಿಸುತ್ತವೆ. ಮುಖ್ಯ ಕಾಲುವೆ ಕಟ್ಟಿಕೊಂಡಾಗ ಕಿರುಗಾಲುವೆಯಿಂದ ಗದ್ದೆಗೆ ನೀರು ಬಂದ ಹಾಗೆ. ವಿಶ್ರಾಂತಿಯಲ್ಲಿರುವಾಗ ಇಷ್ಟು ರಕ್ತ ಸಾಕಾಗಬಹುದು. ಮೆಟ್ಟಿಲು ಹತ್ತುವಾಗ ಸಾಲದೆ ಎದೆನೋವು, ಏದುಸಿರು ಬರುತ್ತದೆ. ಹೀಗೆ ಮುಚ್ಚಿ 3 ತಿಂಗಳು ಅಥವಾ ಹೆಚ್ಚು ಕಾಲವಾಗಿದ್ದರೆ ಅದನ್ನು ಹಳೆಯ ಪೂರ್ಣ ಬ್ಲಾಕ್ (ಸಿ.ಟಿ.ಒ.) ಎನ್ನುತ್ತಾರೆ.

ತೆರೆಯುವುದು ಹೇಗೆ?

ಕೈ ಅಥವಾ ತೊಡೆಸಂದಿನ ರಕ್ತನಾಳದ ಮೂಲಕ ಕ್ಯಾತಿಟರ್ ಎಂಬ ತೆಳು ಕೊಳವೆಯನ್ನು ಹೃದಯದವರೆಗೆ ಸಾಗಿಸುತ್ತಾರೆ. ಬ್ಲಾಕಿನ ಎರಡೂ ತುದಿ ಕಾಣಲು ಸಾಮಾನ್ಯವಾಗಿ ಎರಡು ಕಡೆಯಿಂದ ಡೈ ಬಿಡುತ್ತಾರೆ. ನಂತರ ಕೂದಲಿನಂಥ ಸಣ್ಣ ತಂತಿಯನ್ನು ಬ್ಲಾಕಿನೊಳಗೆ ತೂರಿಸುತ್ತಾರೆ. ಮುಂದಿನಿಂದ ದಾರಿ ಸಿಗದಿದ್ದರೆ ಕವಲು ನಾಳಗಳ ಮೂಲಕ ಹಿಂದಿನಿಂದ ಬರುವ ವಿಧಾನವಿದೆ. ಇನ್ನೊಂದು ವಿಧಾನದಲ್ಲಿ ನಾಳದ ಗೋಡೆಯ ಪದರದೊಳಗೆ ಸಾಗಿ, ಬ್ಲಾಕ್ ದಾಟಿದ ಮೇಲೆ ಮತ್ತೆ ನಾಳದೊಳಗೆ ಸೇರುತ್ತಾರೆ. ತಂತಿ ದಾಟಿದ ಮೇಲೆ ಬಲೂನಿನಿಂದ ಹಿಗ್ಗಿಸಿ ಸ್ಟೆಂಟ್ ಕೂರಿಸುತ್ತಾರೆ.

ಇದರಿಂದ ಏನು ಪ್ರಯೋಜನ?

2018ರಲ್ಲಿ ಪ್ರಕಟವಾದ ಯೂರೋ-ಸಿ.ಟಿ.ಒ. ಅಧ್ಯಯನದಲ್ಲಿ, ಬರೀ ಔಷಧಿ ಪಡೆದವರಿಗಿಂತ ಈ ಚಿಕಿತ್ಸೆಯನ್ನೂ ಪಡೆದವರ ಎದೆನೋವು ಹೆಚ್ಚು ಕಡಿಮೆಯಾಯಿತು. ಆದರೆ ಇದರಿಂದ ಆಯುಷ್ಯ ಹೆಚ್ಚುತ್ತದೆಂದು ಇಂಥ ಅಧ್ಯಯನಗಳಲ್ಲಿ ಸಾಬೀತಾಗಿಲ್ಲ. ಆದ್ದರಿಂದ ನೋವಿಲ್ಲದವರು "100 ಪರ್ಸೆಂಟ್" ಎಂಬ ಮಾತಿಗೇ ಹೆದರಿ ಅವಸರಪಡಬೇಕಾಗಿಲ್ಲ. ಔಷಧಿ ಸರಿಯಾಗಿ ತೆಗೆದುಕೊಂಡರೂ ನೋವು ಉಳಿದಿದ್ದರೆ ಈ ಚಿಕಿತ್ಸೆಯನ್ನು ಯೋಚಿಸಬೇಕು. ಹಲವು ನಾಳಗಳಲ್ಲಿ ಬ್ಲಾಕ್ ಇದ್ದರೆ ಬೈಪಾಸ್ ಉತ್ತಮವಾಗಬಹುದು.

ಅಪಾಯವಿದೆಯೇ?

ಇದೆ. ಸಾಮಾನ್ಯ ಆಂಜಿಯೋಪ್ಲಾಸ್ಟಿಗಿಂತ ಇದಕ್ಕೆ ಹೆಚ್ಚು ಸಮಯ, ಡೈ ಮತ್ತು ಎಕ್ಸ್-ರೇ ಬೇಕು. ಅಪರೂಪಕ್ಕೆ ನಾಳ ತೂತಾಗಿ ಹೃದಯದ ಸುತ್ತ ರಕ್ತ ಸೇರಬಹುದು. ಡೈನಿಂದ ಮೂತ್ರಪಿಂಡಕ್ಕೆ ತೊಂದರೆಯಾಗಬಹುದು. ಕೆಲವೊಮ್ಮೆ ಮೊದಲ ಸಲ ತಂತಿ ದಾಟುವುದಿಲ್ಲ. ಅಂಥ ಸಂದರ್ಭದಲ್ಲಿ ನಿಲ್ಲಿಸಿ, ಕೆಲವು ವಾರಗಳ ನಂತರ ಮತ್ತೆ ಪ್ರಯತ್ನಿಸುವುದುಂಟು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಕೇಳಿ:
1. ಔಷಧಿಯಿಂದಲೇ ನೋವು ಹತೋಟಿಗೆ ಬರಬಹುದೇ?
2. ಆ ಭಾಗದ ಹೃದಯದ ಸ್ನಾಯು ಜೀವಂತವಾಗಿದೆಯೇ?
3. ಇಂಥ ಚಿಕಿತ್ಸೆಯಲ್ಲಿ ಅನುಭವವಿರುವ ವೈದ್ಯರು ಮಾಡುತ್ತಾರೆಯೇ?

ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಅಲರ್ಜಿ ಇದ್ದರೆ ಮೊದಲೇ ತಿಳಿಸಿ.

ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಒಂದು ದಿನವೂ ಬಿಡಬೇಡಿ. ಹಲ್ಲು ಕೀಳಿಸುವಾಗಲೂ ಕೇಳಿಯೇ ಮುಂದುವರಿಯಿರಿ. ಬೀಡಿ, ಸಿಗರೇಟು, ತಂಬಾಕು ಸಂಪೂರ್ಣ ಬಿಡಿ. ಸುಮ್ಮನೆ ಕುಳಿತಿದ್ದಾಗಲೂ ಎದೆನೋವು ಬಂದು ಬೆವರಿದರೆ ಮನೆಯಲ್ಲಿ ಕಾಯದೆ 108ಕ್ಕೆ ಕರೆ ಮಾಡಿ, ಕೂಡಲೇ ಆಸ್ಪತ್ರೆಗೆ ಬನ್ನಿ.